ಡಿಕ್ಷನರಿಯ ರಟ್ಟಿನ ಮೇಲಿನ ಹೆಸರು

ಯಾರದ್ದೋ ಮನೆಯಿಂದ ಹೊರಡುವಾಗ ನಾವು ‘ಬರ್ತೀನಿ’ ಅಂತೀವಿ. ಹೋಗುತ್ತಿರುವುದು ನಾವು, ಹೇಳುವುದು ಬರುತ್ತೇನೆ ಅಂತ! ದಾರಿಯಲ್ಲಿ ಸಿಕ್ಕವರನ್ನು ‘ಊಟ ಆಯ್ತಾ?’ ಎಂದು ಕೇಳುತ್ತೇವೆ. ಆಗಿಲ್ಲ ಅಂದರೆ ಅಲ್ಲೇ ಎಲೆ ಹಾಕಿ ಬಡಿಸುವ ಉದ್ದೇಶವೇನೂ ಇರುವುದಿಲ್ಲ. ಹೊಸದಾಗಿ ಕನ್ನಡ ಕಲಿಯುವವರಿಗೆ ಇವೆರಡೂ ತಲೆಬಿಸಿ. ನಮಗೆ ಮಾತ್ರ ಇದರಲ್ಲಿ ವಿಚಿತ್ರವಾದದ್ದು ಏನಿದೆ ಎಂಬುದೇ ಗೊತ್ತಾಗುವುದಿಲ್ಲ.

ಇಂಗ್ಲಿಷ್‌ನಲ್ಲಿ ಇಂಥದ್ದು ಹೆಜ್ಜೆಗೊಂದು ಸಿಗುತ್ತದೆ. ‘ಹೌ ಡು ಯು ಡು’ ನೋಡಿ. ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಇದ್ದರೂ ಬ್ರಿಟನ್ನಿನ ಹಳೆಯ ರೂಢಿಯಲ್ಲಿ ಅದಕ್ಕೆ ಉತ್ತರ ಹೇಳುವಂತಿಲ್ಲ, ಅದೇ ಮಾತನ್ನು ತಿರುಗಿಸಿ ಹೇಳಬೇಕು. ಮೊನ್ನೆ ಬಂದ ಜ್ವರದ ವಿವರ ಕೊಡಲು ಹೊರಟರೆ ಎದುರಿನವರು ಕಕ್ಕಾಬಿಕ್ಕಿಯಾಗುತ್ತಾರೆ. ‘ಫಾಸ್ಟ್’ ಅಂದರೆ ವೇಗ ಎಂದು ಕಲಿತವನಿಗೆ ‘ಫಾಸ್ಟ್ ಅಸ್ಲೀಪ್’ ಎಂದರೆ ಏನು? ವೇಗವಾಗಿ ನಿದ್ದೆ ಮಾಡುವುದು ಹೇಗೆ? ‘ಪುಟ್’, ‘ಅಪ್’, ‘ವಿತ್’ ಮೂರನ್ನೂ ಪ್ರೈಮರಿ ಶಾಲೆಯಲ್ಲೇ ಕಲಿತಿರುತ್ತೇವೆ. ಮೂರೂ ಒಟ್ಟಿಗೆ ಬಂದು ‘ಸಹಿಸಿಕೊಳ್ಳುವುದು’ ಎಂಬ ಅರ್ಥ ಕೊಟ್ಟಾಗ ಮಾತ್ರ ಆ ಮೂರರಲ್ಲಿ ಒಂದೂ ನೆರವಿಗೆ ಬರುವುದಿಲ್ಲ. ಬೆಕ್ಕು ನಾಯಿಗಳು ಮಳೆಯಾಗಿ ಸುರಿಯುವ ನುಡಿಗಟ್ಟಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನ್ನ ಪ್ರಕಾರ ಅದು ಸುಲಭದ್ದು. ಅದರಲ್ಲಿ ಏನೋ ಬೇರೆ ಅರ್ಥ ಇದೆ ಅಂತ ಕೇಳಿದ ಕೂಡಲೇ ತಿಳಿಯುತ್ತದೆ. ಕಷ್ಟ ಇರುವುದು ಪರಿಚಿತ ಮುಖ ಹೊತ್ತು ಬರುವ ಇಂಥ ಪುಟ್ಟ ಪದಗಳಲ್ಲಿ.

ಹೊರಗಿನವರ ಈ ಗೊಂದಲವನ್ನು ಕಂಡು ನಗದೆ, ಅದನ್ನೇ ಬದುಕಿನ ಕೆಲಸ ಮಾಡಿಕೊಂಡ ಒಬ್ಬ ಇಂಗ್ಲಿಷ್ ಮೇಷ್ಟ್ರು ಇದ್ದರು. ಅವರ ಹೆಸರು ನಮ್ಮಲ್ಲಿ ಬಹಳ ಜನರ ಮನೆಯಲ್ಲಿದೆ. ದಪ್ಪಗಿನ ‘ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ’ ಇದ್ದರೆ ತೆಗೆದು ನೋಡಿ. ಎ. ಎಸ್. ಹಾರ್ನ್‌ಬಿ ಎಂದು ಬರೆದಿರುತ್ತದೆ. ಪುಸ್ತಕ ತೆರೆದು ಪದ ಹುಡುಕುವ ಅವಸರದಲ್ಲಿ ಆ ಹೆಸರಿನ ಮೇಲೆ ಯಾರ ಕಣ್ಣೂ ನಿಲ್ಲುವುದಿಲ್ಲ.

ಆಲ್ಬರ್ಟ್ ಸಿಡ್ನಿ ಹಾರ್ನ್‌ಬಿ ಹುಟ್ಟಿದ್ದು 1898ರ ಆಗಸ್ಟ್ 10ರಂದು, ಇಂಗ್ಲೆಂಡಿನ ಚೆಸ್ಟರ್‌ನಲ್ಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಇಂಗ್ಲಿಷ್ ಭಾಷೆ, ಸಾಹಿತ್ಯ ಓದಿ 1922ರಲ್ಲಿ ಪದವಿ ಪಡೆದರು. ಅದಾದ ಸ್ವಲ್ಪ ಕಾಲಕ್ಕೇ ಜಪಾನಿನಿಂದ ಕೆಲಸದ ಕರೆ ಬಂತು. ಕ್ಯೂಶು ದ್ವೀಪದಲ್ಲಿ ಓಇಟಾ ಎಂಬ ಊರು, ಅಲ್ಲೊಂದು ಉನ್ನತ ವಾಣಿಜ್ಯ ಶಾಲೆ. ಅಲ್ಲಿಗೆ ಅವರು ಹೋದದ್ದು ಸಾಹಿತ್ಯ ಪಾಠ ಮಾಡಲಿಕ್ಕೆ.

ಹೋಗಿ ನೋಡಿದರೆ ಆ ಹುಡುಗರಿಗೆ ಬೇಕಾಗಿದ್ದದ್ದು ಸಾಹಿತ್ಯವಲ್ಲ, ಭಾಷೆ. ಆಗಿನ ಜಪಾನಿನಲ್ಲಿ ಇಂಗ್ಲಿಷ್ ಎಂದರೆ ಬಹುಮಟ್ಟಿಗೆ ಪರೀಕ್ಷೆಯ ವಿಷಯ. ವಾಕ್ಯ ಓದು, ಪದ ಪದ ಬಿಡಿಸು, ಜಪಾನಿಗೆ ಅನುವಾದಿಸು. ಹೀಗೆ ವರ್ಷಗಟ್ಟಲೆ ಕಲಿತವರು ಬಾಯಿ ತೆರೆಯಲು, ಸ್ವಂತವಾಗಿ ಒಂದು ಪತ್ರ ಬರೆಯಲು ತಡವರಿಸುತ್ತಿದ್ದರು. ಈ ಸಾಲುಗಳನ್ನು ಓದುವಾಗ ನಿಮಗೆ ಯಾವುದೋ ಪರಿಚಿತ ತರಗತಿ ನೆನಪಾದರೆ ಅದಕ್ಕೆ ಜಪಾನ್ ಕಾರಣವಲ್ಲ.

ಆ ಹೊತ್ತಿಗೆ ಟೋಕಿಯೊದಲ್ಲಿ ಹೆರಾಲ್ಡ್ ಪಾಮರ್ ಎಂಬ ಇನ್ನೊಬ್ಬ ಇಂಗ್ಲಿಷ್ ವಿದ್ವಾಂಸರಿದ್ದರು. ಜಪಾನಿನ ಶಿಕ್ಷಣ ಇಲಾಖೆಯ ಭಾಷಾ ಸಲಹೆಗಾರರಾಗಿ 1922ರಲ್ಲಿ ಬಂದು, ಮರುವರ್ಷವೇ ಇಂಗ್ಲಿಷ್ ಬೋಧನೆಯ ಸಂಶೋಧನೆಗೆಂದು ಒಂದು ಸಂಸ್ಥೆ ಕಟ್ಟಿದ್ದರು. ಮಾತಿನಿಂದ ಶುರು ಮಾಡಿ ಆಮೇಲೆ ಬರಹಕ್ಕೆ ಬರಬೇಕು ಎಂಬುದು ಅವರ ದಾರಿ. ದೂರದ ಓಇಟಾದಲ್ಲಿದ್ದ ಹಾರ್ನ್‌ಬಿ ಈ ಕೆಲಸದತ್ತ ಸೆಳೆಯಲ್ಪಟ್ಟರು. 1930ರ ದಶಕದ ಆರಂಭದಲ್ಲಿ ಪಾಮರ್ ಅವರನ್ನು ತಮ್ಮ ಸಂಶೋಧನೆಗೆ ಸೇರಿಸಿಕೊಂಡರು.

ಏನು ಸಂಶೋಧನೆ? ಯಾವ ಪದದ ಜತೆ ಯಾವ ಪದ ಕೂಡಿ ಬರುತ್ತದೆ ಎಂಬುದನ್ನು ಹುಡುಕುವುದು. ಇಂಗ್ಲಿಷ್‌ನಲ್ಲಿ ಚಹಾ ಗಟ್ಟಿಯಾದರೆ ಅದು ‘ಸ್ಟ್ರಾಂಗ್’. ಮಳೆ ಜೋರಾದರೆ ‘ಹೆವಿ’. ಅದಲು ಬದಲು ಮಾಡಿದರೆ ವ್ಯಾಕರಣದ ಯಾವ ನಿಯಮವೂ ಮುರಿಯುವುದಿಲ್ಲ, ಆದರೂ ಮಾತು ಕೆಡುತ್ತದೆ. ಹೋಂವರ್ಕ್ ಅನ್ನು ‘ಡು’ ಮಾಡಬೇಕು, ತಪ್ಪನ್ನು ‘ಮೇಕ್’ ಮಾಡಬೇಕು. ಯಾಕೆ ಅಂತ ಇಂಗ್ಲಿಷರನ್ನು ಕೇಳಿದರೆ ಅವರಿಗೂ ಗೊತ್ತಿಲ್ಲ. ಅವರಿಗೆ ಅದು ತಾಯಿಯ ಮಡಿಲಲ್ಲಿ ಬಂದದ್ದು. ಹೊರಗಿನಿಂದ ಬಂದವನು ಇಂಥ ಜೋಡಿಗಳನ್ನು ಒಂದೊಂದು ಪದವಾಗಿ ಬಿಡಿಸಿದರೆ ಪ್ರಯೋಜನವಿಲ್ಲ, ಇಡಿಯಾಗಿ ಕಲಿಯಬೇಕು ಎಂಬುದು ಪಾಮರ್ ಅವರ ವಾದ. 1933ರಲ್ಲಿ ಇಂಥ ಸಾವಿರಾರು ಪದಜೋಡಿಗಳ ವರದಿಯೊಂದು ಸಂಸ್ಥೆಯಿಂದ ಹೊರಬಂತು. ಹೆಸರು ಪಾಮರ್ ಅವರದ್ದು, ದುಡಿಮೆಯಲ್ಲಿ ದೊಡ್ಡ ಪಾಲು ಹಾರ್ನ್‌ಬಿಯವರದ್ದು.

ಇದು ನನಗೆ ಬಹಳ ಇಷ್ಟವಾದ ಘಟ್ಟ. ಈಗ ನಮ್ಮ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ಯಾವ ಪದದ ಪಕ್ಕ ಯಾವ ಪದ ಎಷ್ಟು ಸಲ ಬರುತ್ತದೆ ಎಂದು ಲೆಕ್ಕ ಹಾಕುವ ಪ್ರೋಗ್ರಾಂ ಬರೆಯಲು ಒಂದು ಸಂಜೆ ಸಾಕು. ಮೊಬೈಲಿನಲ್ಲಿ ಒಂದು ಪದ ಟೈಪ್ ಮಾಡಿದರೆ ಮುಂದಿನ ಪದವನ್ನು ಕೀಬೋರ್ಡೇ ಸೂಚಿಸುತ್ತದೆ. ಆ ಕಾಲದಲ್ಲಿ ಕಂಪ್ಯೂಟರ್ ಎಂಬ ಯಂತ್ರವೇ ಇರಲಿಲ್ಲ. ಓದಿ, ನೆನೆದು, ಬರೆದಿಟ್ಟು, ವಿಂಗಡಿಸಬೇಕಿತ್ತು. ಅದಕ್ಕಿಂತ ಕಷ್ಟದ ಮಾತು, ತನ್ನದೇ ತಾಯ್ನುಡಿಯನ್ನು ಪರಕೀಯನ ಕಣ್ಣಿನಿಂದ ನೋಡಬೇಕಿತ್ತು. ‘ಬರ್ತೀನಿ’ ಎಂದರೆ ಹೋಗ್ತೀನಿ ಎಂದು ಯಾರೋ ಕೇಳಿ ಬೆಚ್ಚಿದಾಗಲೇ ನಮಗೆ ಹೊಳೆಯುವುದು ತಾನೆ? ಹಾರ್ನ್‌ಬಿಯವರಿಗೆ ಆ ಬೆಚ್ಚುವಿಕೆಯನ್ನು ದಿನಾ ತೋರಿಸಲು ಜಪಾನಿ ವಿದ್ಯಾರ್ಥಿಗಳಿದ್ದರು.

1936ರಲ್ಲಿ ಪಾಮರ್ ಜಪಾನ್ ಬಿಟ್ಟು ಇಂಗ್ಲೆಂಡಿಗೆ ಮರಳಿದರು. ಸಂಸ್ಥೆಯ ಸಂಶೋಧನೆಯ ಹೊಣೆ ಹಾರ್ನ್‌ಬಿಯವರ ಹೆಗಲಿಗೆ ಬಿತ್ತು. ಆಗಲೇ ಅವರು ಟೋಕಿಯೊಗೆ ಬಂದು ಪಾಠ ಹೇಳುತ್ತಿದ್ದರು. ಅದೇ ದಶಕದ ಕೊನೆಯ ಭಾಗದಲ್ಲಿ ಇ. ವಿ. ಗೇಟನ್‌ಬಿ ಮತ್ತು ಎಚ್. ವೇಕ್‌ಫೀಲ್ಡ್ ಎಂಬ ಇನ್ನಿಬ್ಬರ ಜತೆ ಸೇರಿ ಒಂದು ನಿಘಂಟಿಗೆ ಕೈ ಹಾಕಿದರು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗಿ ನಮ್ಮ ದೇಶದ ಮಾತು ಹೇಳಬೇಕು. ಇಂಗ್ಲಿಷ್ ಕಲಿಯುವ ಪರಭಾಷಿಕರಿಗೆಂದೇ ನಿಘಂಟು ಮಾಡುವ ಯೋಚನೆ ಹಾರ್ನ್‌ಬಿಗಿಂತ ಮೊದಲೇ ಬಂದಿತ್ತು. ಅವಿಭಜಿತ ಬಂಗಾಳದ ಢಾಕಾದಲ್ಲಿ ಶಿಕ್ಷಕರ ತರಬೇತಿ ನಡೆಸುತ್ತಿದ್ದ ಮೈಕೆಲ್ ವೆಸ್ಟ್ 1935ರಲ್ಲಿ ಅಂಥದ್ದೊಂದನ್ನು ತಂದರು. ಬರೀ 1,490 ಸುಲಭ ಪದಗಳನ್ನು ಬಳಸಿ ಸುಮಾರು 24,000 ಪದ, ನುಡಿಗಟ್ಟುಗಳ ಅರ್ಥ ಹೇಳಿದ ಪುಸ್ತಕ ಅದು. ಬಂಗಾಳದ ಮಕ್ಕಳ ಕಷ್ಟ ನೋಡಿಯೇ ವೆಸ್ಟ್ ಈ ದಾರಿಗೆ ಬಂದದ್ದು. ಒಂದು ವ್ಯತ್ಯಾಸವಿದೆ. ವೆಸ್ಟ್ ಅವರ ಗಮನ ಓದುವವನ ಮೇಲೆ. ಗೊತ್ತಿಲ್ಲದ ಪದ ಎದುರಾದರೆ ಅರ್ಥ ತಿಳಿಯಬೇಕು, ಅಷ್ಟು ಸಾಕು. ಹಾರ್ನ್‌ಬಿಯವರದ್ದು ಇನ್ನೊಂದು ಹೆಜ್ಜೆ. ಪದದ ಅರ್ಥ ಗೊತ್ತಿದ್ದೂ ಅದನ್ನು ವಾಕ್ಯದಲ್ಲಿ ಕೂರಿಸಲಾಗದೆ ಒದ್ದಾಡುವವನಿಗೆ ಏನು ಮಾಡೋಣ?

ನಮ್ಮ ಲ್ಯಾಬ್ ರೆಕಾರ್ಡುಗಳನ್ನೇ ತೆಗೆದುಕೊಳ್ಳಿ. ‘ಎಕ್ವಿಪ್‌ಮೆಂಟ್ಸ್ ರಿಕ್ವೈರ್ಡ್’ ಎಂಬ ಶೀರ್ಷಿಕೆ ತಲೆಮಾರುಗಳಿಂದ ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಹರಿದು ಬಂದಿದೆ. ‘ಎಕ್ವಿಪ್‌ಮೆಂಟ್’ ಎಂದರೆ ಉಪಕರಣ, ಅರ್ಥದಲ್ಲಿ ಸಂಶಯವೇ ಇಲ್ಲ. ಕನ್ನಡದಲ್ಲಿ ಉಪಕರಣಗಳು ಅನ್ನಬಹುದು, ಹಾಗಾಗಿ ಅಲ್ಲೂ ‘ಎಸ್’ ಸೇರಿಸಿದೆವು. ಇಂಗ್ಲಿಷರಿಗೆ ಮಾತ್ರ ಅದು ನೀರು, ಮರಳಿನ ಹಾಗೆ ಎಣಿಸಲಾಗದ ವಸ್ತು. ಫರ್ನಿಚರ್, ಅಡ್ವೈಸ್, ಇನ್ಫರ್ಮೇಶನ್ ಕೂಡ ಇದೇ ಗುಂಪು. ಕುರ್ಚಿಯನ್ನು ಎಣಿಸಬಹುದು, ಫರ್ನಿಚರ್ ಎಣಿಸಬಾರದು ಎಂಬುದರಲ್ಲಿ ತರ್ಕ ಹುಡುಕಿದರೆ ಸಿಗುವುದಿಲ್ಲ. ಯಾರಾದರೂ ಹೇಳಿಯೇ ಕೊಡಬೇಕು. ಹಾರ್ನ್‌ಬಿ ಮತ್ತು ಸಂಗಡಿಗರು ನಾಮಪದಗಳ ಪಕ್ಕ ಎಣಿಸಬಹುದಾದರೆ ‘ಸಿ’, ಆಗದಿದ್ದರೆ ‘ಯು’ ಎಂದು ಒಂದೊಂದು ಅಕ್ಷರ ಇಟ್ಟರು. ಇಂಗ್ಲಿಷರಿಗಾಗಿ ಬರೆದ ನಿಘಂಟುಗಳಿಗೆ ಅದರ ಅಗತ್ಯವೇ ಕಂಡಿರಲಿಲ್ಲ.

ಕ್ರಿಯಾಪದಗಳದ್ದು ಇನ್ನೂ ದೊಡ್ಡ ಗೋಳು. ‘ಅಡ್ವೈಸ್ಡ್ ಮಿ ಟು ಗೋ’ ಸರಿ. ಅದೇ ಅರ್ಥದ ‘ಸಜೆಸ್ಟೆಡ್ ಮಿ ಟು ಗೋ’ ತಪ್ಪು. ಈಜುವುದು ಬೇಕು ಎನ್ನಲು ‘ವಾಂಟ್ ಟು ಸ್ವಿಮ್’, ಈಜಿ ಖುಷಿಪಡುತ್ತೇನೆ ಎನ್ನಲು ‘ಎಂಜಾಯ್ ಸ್ವಿಮಿಂಗ್’. ‘ಸ್ಟಾಪ್ಡ್ ಸ್ಮೋಕಿಂಗ್’ ಎಂದರೆ ಸಿಗರೇಟು ಬಿಟ್ಟ. ‘ಸ್ಟಾಪ್ಡ್ ಟು ಸ್ಮೋಕ್’ ಎಂದರೆ ಸಿಗರೇಟು ಸೇದಲೆಂದೇ ನಿಂತ! ಮೊದಲನೆಯವನನ್ನು ಮನೆಯವರು ಮೆಚ್ಚುತ್ತಾರೆ, ಎರಡನೆಯವನನ್ನು ಬೈಯುತ್ತಾರೆ, ನಡುವೆ ಇರುವುದು ಎಳ್ಳಷ್ಟು ಅಂತರ.

ಸಿ ಲ್ಯಾಂಗ್ವೇಜ್ ಕಲಿತವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಫಂಕ್ಷನ್ನಿಗೆ ಎಷ್ಟು ಆರ್ಗ್ಯುಮೆಂಟ್ ಕೊಡಬೇಕು, ಯಾವ ಟೈಪಿನದ್ದು ಕೊಡಬೇಕು ಎಂದು ಮೊದಲೇ ನಿಗದಿಯಾಗಿರುತ್ತದೆ. ಬೇರೆ ಕೊಟ್ಟರೆ ಕಂಪೈಲರ್ ಒಪ್ಪುವುದಿಲ್ಲ. ಇಂಗ್ಲಿಷ್ ಕ್ರಿಯಾಪದಗಳೂ ಹಾಗೆಯೇ, ತಮ್ಮ ಮುಂದೆ ಏನು ಬರಬೇಕು ಎಂಬುದರಲ್ಲಿ ಬಹಳ ಹಟಮಾರಿಗಳು. ಪಾಮರ್ ಈ ಮಾದರಿಗಳನ್ನು ಗುರುತಿಸುವ ಕೆಲಸ ಆರಂಭಿಸಿದ್ದರು. ಹಾರ್ನ್‌ಬಿ ಅದನ್ನು ಮುಂದುವರಿಸಿ 25 ಮಾದರಿಗಳಿಗೆ ತಂದು, ಪ್ರತಿ ಕ್ರಿಯಾಪದದ ಪಕ್ಕ ಅದು ಯಾವ ಯಾವ ಮಾದರಿಯಲ್ಲಿ ನಡೆಯುತ್ತದೆ ಎಂದು ಸಂಖ್ಯೆ ಕೊಟ್ಟರು. ಪದದ ಹುಟ್ಟು, ಮೂಲ ಯಾವ ಭಾಷೆ ಎಂಬ ಭಾಗವನ್ನು ಕೈಬಿಟ್ಟರು. ಯಾರೂ ಬಳಸದ ಹಳೆಯ ಪದಗಳಿಗೂ ಜಾಗವಿರಲಿಲ್ಲ. ಉಳಿದ ಜಾಗವೆಲ್ಲ ದಿನಬಳಕೆಯ ಪದಪುಂಜಗಳಿಗೆ, ಉದಾಹರಣೆಗಳಿಗೆ.

ಒಂದು ದೂರನ್ನು ಇಲ್ಲೇ ಹೇಳಿಬಿಡುತ್ತೇನೆ. ಈ ಸಂಖ್ಯೆಗಳು ಕಲಿಯುವವರಿಗೆ ಕಬ್ಬಿಣದ ಕಡಲೆಯಾಗಿದ್ದವು. ನಮ್ಮ ಹಾಸ್ಟೆಲಿನ ಓದುವ ಕೋಣೆಯಲ್ಲಿ ಹಾರ್ನ್‌ಬಿ ಕಾಲದ ಒಂದು ಹಳೆಯ ಪ್ರತಿ ಇದೆ, ರಟ್ಟು ಕಿತ್ತು ಬಂದಿದೆ. ಅದರಲ್ಲಿ ಕ್ರಿಯಾಪದದ ಪಕ್ಕ ‘ವಿಪಿ’ ಎಂದು ಬರೆದು ಅಂಕಿ, ಅಂಕಿಯ ಪಕ್ಕ ಮತ್ತೊಂದು ಅಕ್ಷರ. ಅದೇನೆಂದು ತಿಳಿಯಲು ಪುಸ್ತಕದ ಬೇರೆ ಪುಟಕ್ಕೆ ಹೋಗಿ ಕೋಷ್ಟಕ ನೋಡಬೇಕು. ಅಷ್ಟು ತಾಳ್ಮೆ ಇದ್ದವನಿಗೆ ನಿಘಂಟೇ ಬೇಕಾಗಲಿಕ್ಕಿಲ್ಲ! ಹಾರ್ನ್‌ಬಿ ತೀರಿಕೊಂಡ ಮೇಲೆ, 1989ರ ನಾಲ್ಕನೇ ಆವೃತ್ತಿಯಲ್ಲಿ, ಈ ಸಂಕೇತಗಳನ್ನು ಸರಳಗೊಳಿಸಿದರು. ಎಂಜಿನಿಯರ್ ಮನಸ್ಸಿನ ಮೇಷ್ಟ್ರಿಗೆ ತನ್ನ ವ್ಯವಸ್ಥೆಯ ಮೇಲೆ ಇದ್ದ ಪ್ರೀತಿ ಸ್ವಲ್ಪ ಹೆಚ್ಚೇ ಆಗಿತ್ತು ಅನಿಸುತ್ತದೆ. ಆದರೆ ಅವರು ಕೊಟ್ಟ ಉದಾಹರಣೆಗಳು ಆ ಕೊರತೆಯನ್ನು ತುಂಬಿದವು. ಸಂಖ್ಯೆ ನೋಡದವನೂ ಕೆಳಗಿದ್ದ ಎರಡು ವಾಕ್ಯ ಓದಿ ತನ್ನ ವಾಕ್ಯ ಕಟ್ಟಿಕೊಳ್ಳುತ್ತಿದ್ದ.

ನಿಘಂಟಿನ ಕೆಲಸ ಮುಗಿಯುವ ಹಂತಕ್ಕೆ ಬಂದಾಗ ಹೊರಗಿನ ಪ್ರಪಂಚ ಹೊತ್ತಿ ಉರಿಯುತ್ತಿತ್ತು. 1941ರ ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿ ಅಮೆರಿಕ, ಬ್ರಿಟನ್ ಎರಡರ ಜತೆಗೂ ಯುದ್ಧಕ್ಕಿಳಿಯಿತು. ಹದಿನೈದು ವರ್ಷಕ್ಕೂ ಮಿಕ್ಕಿ ಆ ನೆಲದಲ್ಲಿ ಪಾಠ ಹೇಳಿದ್ದ ಮೇಷ್ಟ್ರು ರಾತ್ರಿ ಬೆಳಗಾಗುವುದರೊಳಗೆ ಶತ್ರು ದೇಶದ ಪ್ರಜೆಯಾದರು. ಜಪಾನಿನಲ್ಲಿದ್ದ ಬ್ರಿಟಿಷರನ್ನು ಬಂಧನದಲ್ಲಿ ಇಟ್ಟರು, ಹಾರ್ನ್‌ಬಿಯೂ ಅವರಲ್ಲಿ ಒಬ್ಬರು.

ಅವರ ಪುಸ್ತಕದ ಗತಿ? ಅದು ನಿಲ್ಲಲಿಲ್ಲ. ‘ಇಡಿಯಮ್ಯಾಟಿಕ್ ಆ್ಯಂಡ್ ಸಿಂಟ್ಯಾಕ್ಟಿಕ್ ಇಂಗ್ಲಿಷ್ ಡಿಕ್ಷನರಿ’ ಎಂಬ ಉದ್ದನೆಯ ಹೆಸರಿನಲ್ಲಿ 1942ರಲ್ಲಿ ಟೋಕಿಯೊದ ಕೈತಾಕುಶಾ ಪ್ರಕಾಶನ ಅದನ್ನು ಹೊರತಂದಿತು. ಯುದ್ಧಕಾಲದ ಜಪಾನಿನಲ್ಲಿ ಇಂಗ್ಲಿಷ್ ವೈರಿಯ ಭಾಷೆ ಎನಿಸಿಕೊಂಡಿತ್ತು, ಬೇಸ್‌ಬಾಲ್ ಆಟದ ಪದಗಳನ್ನು ಕೂಡ ಜಪಾನಿಗೆ ಬದಲಿಸುವ ಮಟ್ಟಿಗೆ. ಅಂಥ ಹೊತ್ತಿನಲ್ಲಿ ಮೂವರು ಇಂಗ್ಲಿಷ್ ಮೇಷ್ಟ್ರುಗಳು ಬರೆದ ಇಂಗ್ಲಿಷ್ ನಿಘಂಟನ್ನು ಜಪಾನಿ ಪ್ರಕಾಶಕರು ಅಚ್ಚು ಹಾಕಿದರು. ಈ ಇಡೀ ಕಥೆಯಲ್ಲಿ ಹಾರ್ನ್‌ಬಿಯಷ್ಟೇ ಧೈರ್ಯ ಆ ಪ್ರಕಾಶಕರದ್ದೂ ಇದೆ ಎಂದು ನನಗೆ ಅನಿಸುತ್ತದೆ. ಅವರಿಗೆ ಸಿಗಬೇಕಾದ ಹೊಗಳಿಕೆ ನಮ್ಮ ಕಡೆ ಯಾರೂ ಕೊಟ್ಟಿಲ್ಲ.

ಅದೇ ವರ್ಷ ಎರಡೂ ಕಡೆಯವರು ತಮ್ಮಲ್ಲಿದ್ದ ನಾಗರಿಕರನ್ನು ವಿನಿಮಯ ಮಾಡಿಕೊಂಡಾಗ ಹಾರ್ನ್‌ಬಿ ಬಿಡುಗಡೆಯಾಗಿ ಬ್ರಿಟನ್ ತಲುಪಿದರು. ಬ್ರಿಟಿಷ್ ಕೌನ್ಸಿಲ್ ಸೇರಿದರು. ಕೌನ್ಸಿಲ್ ಅವರನ್ನು ಇರಾನಿಗೆ ಕಳುಹಿಸಿತು. ಟೆಹ್ರಾನ್ ವಿಶ್ವವಿದ್ಯಾಲಯದಲ್ಲಿ ಪಾಠ, ಜತೆಗೆ ಶಿಕ್ಷಕರ ತರಬೇತಿ. ಜಪಾನಿ ಆಡುವವರ ಬದಲು ಈಗ ಫಾರ್ಸಿ ಆಡುವವರು ಎದುರು ಕುಳಿತಿದ್ದರು.

ಯುದ್ಧ ಮುಗಿದ ಮೇಲೆ ಲಂಡನ್ನಿನಲ್ಲಿ ಕೌನ್ಸಿಲ್‌ನ ಭಾಷಾ ಸಲಹೆಗಾರರಾದರು. 1946ರಲ್ಲಿ ಇಂಗ್ಲಿಷ್ ಬೋಧನೆಗೆಂದೇ ಒಂದು ಪತ್ರಿಕೆ ಆರಂಭಿಸಿ, ನಾಲ್ಕು ವರ್ಷ ಸಂಪಾದಕರಾಗಿದ್ದರು. ‘ಇಎಲ್‌ಟಿ ಜರ್ನಲ್’ ಎಂಬ ಹೆಸರಿನಲ್ಲಿ ಅದು ಈಗಲೂ ನಡೆಯುತ್ತಿದೆ. ಸನ್ನಿವೇಶ ಸೃಷ್ಟಿಸಿ ಪಾಠ ಮಾಡುವ ಕ್ರಮದ ಬಗ್ಗೆ ಅವರು ಬರೆದದ್ದು ಅದರಲ್ಲೇ. ವರ್ತಮಾನ ಕಾಲದ ನಿಯಮವನ್ನು ಬೋರ್ಡಿನ ಮೇಲೆ ಬರೆಯುವ ಬದಲು ಮೇಷ್ಟ್ರು ಬಾಗಿಲ ಕಡೆ ನಡೆಯುತ್ತಾ ತಾನು ನಡೆಯುತ್ತಿದ್ದೇನೆ ಎಂದು ಇಂಗ್ಲಿಷಿನಲ್ಲಿ ಹೇಳಬೇಕು, ಮಕ್ಕಳು ಕಂಡದ್ದನ್ನೇ ಮಾತಾಗಿ ಕಲಿಯಬೇಕು. ಇದರಿಂದ ಆಗುವ ಒಂದು ಲಾಭವೆಂದರೆ ಮೇಷ್ಟ್ರು ಕುರ್ಚಿಯಿಂದ ಏಳಲೇಬೇಕಾಗುತ್ತದೆ.

ಟೋಕಿಯೊದಲ್ಲಿ ಅಚ್ಚಾದ ಪುಟಗಳ ಫೋಟೊ ತೆಗೆದು, ಅದನ್ನೇ ಮರುಮುದ್ರಿಸಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ 1948ರಲ್ಲಿ ‘ಎ ಲರ್ನರ್ಸ್ ಡಿಕ್ಷನರಿ ಆಫ್ ಕರೆಂಟ್ ಇಂಗ್ಲಿಷ್’ ಎಂದು ಮಾರುಕಟ್ಟೆಗೆ ತಂದಿತು. 1952ರಲ್ಲಿ ಹೆಸರಿಗೆ ‘ಅಡ್ವಾನ್ಸ್ಡ್’ ಸೇರಿತು. ಜಪಾನಿನ ಮಕ್ಕಳ ತೊಡಕುಗಳಿಂದ ಹುಟ್ಟಿದ ಪುಸ್ತಕ ಏಷ್ಯಾ, ಆಫ್ರಿಕಾ, ಯುರೋಪುಗಳ ಮೇಜುಗಳಿಗೆ ಹೋಯಿತು. ಭಾರತಕ್ಕೂ ಬಂತು. ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಗೆ ಬಂದವರ ಕೈಗೆ ಯಾರೋ ಮಾವನೋ ಮೇಷ್ಟ್ರೋ ಇಟ್ಟ ಉಡುಗೊರೆ ಎಷ್ಟೋ ಮನೆಗಳಲ್ಲಿ ಇದೇ ಆಗಿತ್ತು. ಇದುವರೆಗೆ ಮಾರಾಟವಾದ ಪ್ರತಿಗಳು ಕೋಟಿಗಟ್ಟಲೆ.

1950ರಲ್ಲಿ ಕೌನ್ಸಿಲ್‌ನ ಕೆಲಸ ಬಿಟ್ಟು ಹಾರ್ನ್‌ಬಿ ಪೂರ್ಣಕಾಲಿಕ ಲೇಖಕರಾದರು. 1954ರಲ್ಲಿ ವಾಕ್ಯಮಾದರಿಗಳ ಕೈಪಿಡಿ ಬಂತು, ದೊಡ್ಡವರಾದ ಮೇಲೆ ಇಂಗ್ಲಿಷ್ ಕಲಿಯುವವರಿಗೆ ಪಾಠಮಾಲೆ ಬಂತು. 1963ರಲ್ಲಿ ನಿಘಂಟಿನ ಎರಡನೇ ಆವೃತ್ತಿ, 1974ರಲ್ಲಿ ಮೂರನೆಯದು. ಮೂರನೆಯದು ಬಂದಾಗ ಅವರಿಗೆ ಎಪ್ಪತ್ತಾರರ ಹತ್ತಿರ.

ಪುಸ್ತಕಗಳಿಂದ ಹಣ ಬಂತು, ಚೆನ್ನಾಗಿಯೇ ಬಂತು. ಅದರ ದೊಡ್ಡ ಪಾಲನ್ನು ಅವರು ಇಟ್ಟುಕೊಳ್ಳಲಿಲ್ಲ. 1961ರಲ್ಲಿ ಒಂದು ಟ್ರಸ್ಟ್ ಮಾಡಿ ತಮ್ಮ ಗೌರವಧನವನ್ನು ಅದಕ್ಕೆ ತಿರುಗಿಸಿದರು. ಬೇರೆ ಬೇರೆ ದೇಶಗಳ ಇಂಗ್ಲಿಷ್ ಶಿಕ್ಷಕರು ಬ್ರಿಟನ್ನಿಗೆ ಬಂದು ಹೆಚ್ಚಿನ ತರಬೇತಿ ಪಡೆದು ತಮ್ಮ ಊರಿಗೆ ಮರಳಿ ಪಾಠ ಹೇಳಲಿ ಎಂಬುದು ಉದ್ದೇಶ. ಡಿಕ್ಷನರಿ ಕೊಳ್ಳುವ ವಿದ್ಯಾರ್ಥಿಗಳ ದುಡ್ಡು ಸುತ್ತಿ ಬಳಸಿ ಅಂಥದ್ದೇ ವಿದ್ಯಾರ್ಥಿಗಳ ಮೇಷ್ಟ್ರುಗಳಿಗೆ ತಲುಪಲಿ ಎಂಬ ಲೆಕ್ಕಾಚಾರ. ಇದಕ್ಕಿಂತ ನೇರವಾದ ಫೀಡ್‌ಬ್ಯಾಕ್ ಲೂಪ್ ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಪಠ್ಯದಲ್ಲೂ ನಾನು ನೋಡಿಲ್ಲ.

ಪ್ಲೇಸ್‌ಮೆಂಟ್ ಹತ್ತಿರ ಬಂತೆಂದರೆ ನಮ್ಮಲ್ಲಿ ಗ್ರೂಪ್ ಡಿಸ್ಕಶನ್ನಿನ ಭಯ ಶುರುವಾಗುತ್ತದೆ. ವಿಷಯ ಗೊತ್ತಿದ್ದ ಹುಡುಗ, ಹುಡುಗಿಯರು ‘ಡಿಸ್ಕಸ್’ ಆದ ಮೇಲೆ ‘ಅಬೌಟ್’ ಬರಬೇಕೋ ಬೇಡವೋ ಎಂದು ಯೋಚಿಸುತ್ತಾ ಸುಮ್ಮನಿರುತ್ತಾರೆ. (ಬೇಡ.) ಕನ್ನಡದಲ್ಲಿ ‘ಬಗ್ಗೆ’ ಚರ್ಚಿಸುತ್ತೇವೆ, ಹಾಗಾಗಿ ‘ಅಬೌಟ್’ ತಾನಾಗಿ ನಾಲಗೆಗೆ ಬರುತ್ತದೆ. ಅದರಲ್ಲಿ ದಡ್ಡತನವೇನಿಲ್ಲ, ಅದು ಇನ್ನೊಂದು ಭಾಷೆಯ ಜಾಣತನ. ಓಇಟಾದ ತರಗತಿಯಲ್ಲಿ ಹಾರ್ನ್‌ಬಿ ಎದುರು ಕುಳಿತಿದ್ದವರೂ ತಮ್ಮ ಭಾಷೆಯ ಜಾಣತನವನ್ನೇ ಇಂಗ್ಲಿಷಿಗೆ ಹಚ್ಚುತ್ತಿದ್ದರು. ಅವರ ವಾಕ್ಯಗಳ ಮೇಲೆ ಕೆಂಪು ಗೆರೆ ಎಳೆದು ಮುಂದೆ ಹೋಗಿದ್ದರೂ ಸಂಬಳ ಬರುತ್ತಿತ್ತು. ಅದರ ಬದಲು ಎಲ್ಲಿ ಎಡವುತ್ತಾರೆ, ಯಾಕೆ ಎಡವುತ್ತಾರೆ ಎಂದು ನೋಡುತ್ತಾ ಕುಳಿತದ್ದರಿಂದ ಆ ಪುಸ್ತಕ ಹುಟ್ಟಿತು.

1978ರಲ್ಲಿ ಹಾರ್ನ್‌ಬಿಯವರಿಗೆ ಎಂಬತ್ತು ತುಂಬಿತು. ಅವರ ಗೌರವಾರ್ಥ ಸಹೋದ್ಯೋಗಿಗಳು ಲೇಖನಗಳ ಸಂಪುಟವೊಂದನ್ನು ತಂದರು. ಅದೇ ಸೆಪ್ಟೆಂಬರ್ 13ರಂದು ಅವರು ತೀರಿಕೊಂಡರು. ಡಿಕ್ಷನರಿ ಆಮೇಲೆ ಹಲವು ಸಂಪಾದಕರ ಕೈ ದಾಟಿ 2020ರಲ್ಲಿ ಹತ್ತನೇ ಆವೃತ್ತಿ ಕಂಡಿತು, ಮೊಬೈಲ್ ಆ್ಯಪ್ ಕೂಡ ಆಯಿತು. ಟ್ರಸ್ಟ್ ನಡೆಯುತ್ತಿದೆ, ಅದರ ವಿದ್ಯಾರ್ಥಿವೇತನದಲ್ಲಿ ಬೇರೆ ಬೇರೆ ದೇಶಗಳ ಮೇಷ್ಟ್ರುಗಳು ಓದಲು ಹೋಗುತ್ತಿದ್ದಾರೆ. ‘ಎಕ್ವಿಪ್‌ಮೆಂಟ್’ ಪದದ ಪಕ್ಕ ಆ ‘ಯು’ ಅಕ್ಷರವೂ ಇದ್ದಲ್ಲೇ ಇದೆ.